ಗೀತಾಳ ಅರವತ್ತು ದಿನ

ಕೂಡ್ಲಿಗಿ
13-12-1998, ಭಾನುವಾರ

ಕೊಟ್ರಬಸಮ್ಮಗ ಬೆನಕಪ್ಪನ ಆಶೀರ್ವಾದ.

ಮ್ಯಾಲೆ ದೇವರ ಹೆಸರು ಬರೆಯೋ ಜಾಗ ಖಾಲಿ ಬಿಟ್ಟೀನಿ, ಮರೆತು ಅಲ್ಲ. ಪೆನ್ನು ಊರಿದೆ, ಕೈ ಮುಂದ ಹೋಗಲಿಲ್ಲ. ಆಮ್ಯಾಲೆ ಬರೆದ್ರಾತು ಅಂತ ಕೆಳಗ ಬಂದೀನಿ.

ನೀನು ಚಿಗಟೇರಿಗೆ ಹೋಗಿ ಇವತ್ತಿಗೆ ಹದಿನೇಳು ದಿನ. ಮೂರು ದಿನದಾಗ ಬಂದು ಕರ್ಕೊಂಡು ಹೋಗ್ತೀನಿ ಅಂತ ನಿಮ್ಮಣ್ಣ ಸೋಮಶೇಖರನ ಮುಂದ ಹೇಳಿದ್ದೆ. ಬರಲಿಲ್ಲ. ಕಾಗದನೂ ಹಾಕಲಿಲ್ಲ. ಕೊಟ್ಟೂರು ಹಾದು ಎರಡು ತಾಸಿನ ದಾರಿ, ಅದಕ್ಕ ಕಾಗದ ಬರೀತಾ ಕುಂತಾನಲ್ಲ ಅಂತ ನೀ ಅನ್ಕೋಬಹುದು. ಎದುರಿಗೆ ಕುಂತು ಹೇಳೋದು ನನ್ನ ಕೈಲೆ ಆಗೋದಿಲ್ಲ. ಇಪ್ಪತ್ತಾರು ವರ್ಷದಿಂದ ನಿನಗದು ಗೊತ್ತೈತಿ.

ಮನಿ ನೀ ಬಿಟ್ಟು ಹೋದಂಗ ಐತಿ. ನಲ್ಲಿ ನೀರು ಎರಡು ದಿನಕ್ಕೊಮ್ಮಿ ಬರ್ತೈತಿ. ನೀ ಒಣಗಾಕ ಹಾಕಿದ್ದ ಮೆಣಸಿನಕಾಯಿ ಡಬ್ಬಿಗೆ ತುಂಬಿ ಇಟ್ಟೀನಿ. ನಮ್ಮ ಚಾಕಿ ಕೇಂದ್ರದಾಗ ಎಳೆ ರೇಷ್ಮಿ ಹುಳಕ್ಕ ಸೊಪ್ಪು ಹೆಚ್ಚೋ ಕನಕಮ್ಮ ದಿನಾ ಎರಡು ರೊಟ್ಟಿ ತಂದು ಇಟ್ಟು ಹೋಗ್ತಾಳ. ತಿಂತೀನಿ. ಪಲ್ಯೆ ಯಾವುದು ಅಂತ ಕೇಳಿದ್ರ ಹೇಳಾಕ ಬರೋದಿಲ್ಲ, ಆದರೂ ತಿಂತೀನಿ. ನಿದ್ದಿ ಬರ್ತೈತಿ. ಬರಬಾರದಿತ್ತು ಅನಿಸ್ತೈತಿ, ಆದರೂ ಬರ್ತೈತಿ. ಮಂದಿ ಬಂದು ಮಾತಾಡಿಸಿದ್ರ ಅವರ ಬಾಯಿ ಆಡೋದು ಕಾಣ್ತೈತಿ, ಮಾತು ಒಂದು ಗಳಿಗಿ ತಡ ಆಗಿ ಮುಟ್ತೈತಿ.

ನಿನಗ ಹೇಳದ ಒಂದು ಕೆಲಸ ಮಾಡೀನಿ. ನೀ ಹೋದ ಮೂರನೇ ದಿನ ಕುಮಟಾ ಬಸ್ಸು ಹತ್ತಿದೆ.

ನಮ್ಮ ಗೀತಾ ಓದ್ತಿದ್ದ ಸಮುದ್ರ ಪಾಚಿ ಕೇಂದ್ರ ನಾವು ನೋಡೇ ಇರಲಿಲ್ಲ. ಆವತ್ತು ಇಬ್ಬರೂ ಸೀದಾ ದವಾಖಾನಿಗೆ ಹೋದ್ವಿ, ಅಲ್ಲಿಂದಲೇ ವ್ಯಾನಿನ್ಯಾಗ ಆಕಿನ್ನ ತಂದ್ವಿ. ಆಕಿ ಟ್ರಂಕು, ಹಾಸಿಗಿ ಎಲ್ಲಾ ಅಲ್ಲೇ ಉಳಿದಿದ್ವು. ಆಕಿ ಜೊತಿ ಒಂದೇ ಕೋಣ್ಯಾಗ ಇದ್ದ ಹಡಗಲಿ ಹುಡುಗಿ ರಮಾ, ಮಣ್ಣಿಗೆ ಬಂದಿದ್ಲಲ್ಲ, ಆಕಿನೇ ಬಸ್‌ಸ್ಟ್ಯಾಂಡಿಗೆ ಬಂದು ಕರ್ಕೊಂಡು ಹೋದ್ಲು. ಸಮುದ್ರದ ದಂಡಿಗೆ ಹೆಂಚಿನ ಎರಡು ಕಟ್ಟಡ, ಅಷ್ಟೇ. ರಮಾ ಟ್ರಂಕು ತೋರಿಸಿದ್ಲು. ಆಮ್ಯಾಲೆ, "ಕಾಕಾರ, ಇನ್ನೊಂದು ಐತ್ರಿ," ಅಂತ ಪಕ್ಕದ ಕೋಣಿ ಬಾಗಲಾ ತೆಗೆದ್ಲು.

ಟ್ಯೂಬ್‌ಲೈಟ್ ಉರೀತಿದ್ವು. ಅವುಗಳ ಕೆಳಗ ನೀರು ತುಂಬಿದ ಮೂರು ಗಾಜಿನ ತೊಟ್ಟಿ, ಒಂದೊಂದರಾಗ ಮೂರು ಮೂರು ಅಗಲ ಬಾಯಿ ಸೀಸೆ. ಬಗ್ಗಿ ನೋಡಿದೆ. ಸೀಸೆ ಒಳಗ ಗಾಜಿನ ಪಟ್ಟಿ, ಪಟ್ಟಿ ಮ್ಯಾಲೆ ಸಾಸಿವಿಗಿಂತ ಸಣ್ಣ ಕೆಂಪು ಚುಕ್ಕಿ. ಇವು ಗೀತಾನ್ವು ಅಂದ್ಲು ರಮಾ. ಇವತ್ತಿಗೆ ನಲವತ್ತೆರಡನೇ ದಿನ, ಆಕಿ ಹೋದ ಮ್ಯಾಲೆ ನಾನು ನೋಡಿ ಬರಕೊಂಡೀನಿ ಅಂದ್ಲು. ಆಕಿ ಹೋದ ಮ್ಯಾಲೆ ಅಂತ ಹೇಳುವಾಗ ಊರಿಗೆ ಹೋದೋರ ಬಗ್ಗೆ ಹೇಳಿದಂಗ ಇತ್ತು.

ನೀ ಯಾವಾಗಲೂ ಕೇಳ್ತಿದ್ದಿ, ಪಾಚಿ ನೋಡಾಕ ಹೆಣ್ಣುಮಗಳನ್ನ ಅಷ್ಟು ದೂರ ಯಾರಾದ್ರೂ ಕಳಸ್ತಾರೇನು ಅಂತ. ನಾ ನಕ್ಕು ಮಾತು ಹಾರಸ್ತಿದ್ದೆ, ಯಾಕಂದ್ರ ನನಗೂ ಪೂರ್ತಿ ಗೊತ್ತಿರಲಿಲ್ಲ. ಈಗ ಗೊತ್ತಾಗೈತಿ, ಹೇಳ್ತೀನಿ.

ಅದು ಸಮುದ್ರದ ಕಲ್ಲುಬಂಡಿಗೆ ಹತ್ಕೊಂಡು ಬೆಳೆಯೋ ಕೆಂಪು ಪಾಚಿ. ಬೆಳೆದ ಮ್ಯಾಲೆ ಕೂದಲಿನ ಗೊಂಚಲಿನಂಗ ಇರ್ತೈತಿ. ಕುದಿಸಿದ್ರ ಅಂಟು ಬಿಡ್ತೈತಿ, ಅದನ್ನ ಔಷಧಕ್ಕ, ತಿನ್ನೋ ಪದಾರ್ಥಕ್ಕ ಹಾಕ್ತಾರ. ಬಂಡಿ ಮ್ಯಾಲಿಂದ ಎಷ್ಟು ದಿನ ಅಂತ ಕಿತ್ಕೊಂಡು ಬರೋದು, ಬೀಜ ಹಾಕಿ ಬೆಳೆಸಾಕ ಬರ್ತೈತೇನು ಅಂತ ನೋಡೋದು ಆ ಕೇಂದ್ರದೋರ ಕೆಲಸ. ಬೀಜ ಅಂದ್ರ ಕಣ್ಣಿಗೆ ಕಾಣೋದಲ್ಲ, ಧೂಳು. ಆ ಧೂಳು ಬಂಡಿಗೆ ಹತ್ತಿ ಮೊದಲ ಎರಡು ತಿಂಗಳು ಬದುಕಿತು ಅಂದ್ರ ಮುಂದ ಅದರ ದಾರಿ ಅದು ನೋಡ್ಕೋತೈತಿ. ಆ ಎರಡು ತಿಂಗಳಾಗ ಅದಕ್ಕ ಎಷ್ಟು ಬೆಳಕು ಬೇಕು, ನೀರು ಎಷ್ಟು ಬಿಸಿ ಇರಬೇಕು, ಎಷ್ಟು ತಣ್ಣಗಿರಬೇಕು. ಇಷ್ಟೇ ನಮ್ಮ ಗೀತಾ ಕಂಡು ಹಿಡೀಬೇಕಾಗಿದ್ದು. ಒಂದು ತೊಟ್ಟಿ ಇಪ್ಪತ್ತು ಡಿಗ್ರಿ, ಒಂದು ಇಪ್ಪತ್ತೈದು, ಒಂದು ಮೂವತ್ತು. ಒಂದೊಂದು ತೊಟ್ಟಿಯಾಗ ಒಂದು ಸೀಸೆಗೆ ಪೂರಾ ಬೆಳಕು, ಒಂದಕ್ಕ ಒಂದು ಪದರ ಬಿಳಿ ಕಾಗದ ಸುತ್ತಿ ಮಂದ ಬೆಳಕು, ಒಂದಕ್ಕ ಮೂರು ಪದರ ಸುತ್ತಿ ಮಬ್ಬು. ಅರವತ್ತು ದಿನ ನೋಡಬೇಕು, ಅಳೀಬೇಕು, ಬರೀಬೇಕು.

ನಿಂತಲ್ಲೇ ನನಗನಿಸಿದ್ದು ಇದು ನಂದೇ ಕೆಲಸ ಅಂತ. ಮೂವತ್ತು ವರ್ಷ ನಾ ಊರೂರಿಗೆ ಹೋಗಿ ರೈತರಿಗೆ ಹೇಳ್ಕೋಂತ ಬಂದದ್ದು ಇನ್ನೇನು? ಮೊಟ್ಟಿ ಒಡೆದು ಬಂದ ಹುಳಕ್ಕ ಮೊದಲ ಹತ್ತು ದಿನ ಬಿಸಿ ಎಷ್ಟು, ಬೆಳಕು ಎಷ್ಟು, ಹಸಿ ಎಷ್ಟು, ಅದನ್ನ ನೋಡ್ರಿ, ಮುಂದಿಂದು ಹುಳ ನೋಡ್ಕೋತಾವ ಅಂತ. ಗೀತಾ ಸಣ್ಣಾಕಿ ಇದ್ದಾಗ ನನ್ನ ಹಿಂದ ಚಾಕಿ ಕೋಣಿಗೆ ಬಂದು ಗ್ವಾಡಿಗೆ ತೂಗು ಹಾಕಿದ ಥರ್ಮಾಮೀಟರ್ ಓದಿ ಹೇಳ್ತಿದ್ಲು. ಆಕಿ ನನ್ನ ಕೆಲಸನೇ ಸಮುದ್ರದ ತನಕ ಒಯ್ದಿದ್ಲು, ಅದು ನನಗ ತಿಳೀದೇ ಹೋಗಿತ್ತು.

ಆಕಿಗೆ ಮಾರ್ಗದರ್ಶಿ ಆಗಿದ್ದ ಮೇಡಂ ಬಂದ್ರು. ಒಳ್ಳೆಯವರು. ಅವರ ಕಣ್ಣು ಕೆಂಪಾಗಿದ್ವು, ನನ್ನವು ಆಗಿರಲಿಲ್ಲ, ಅದಕ್ಕ ಅವರಿಗೇ ಒಂದು ನಮೂನಿ ಸಂಕೋಚ ಆದಂಗ ಕಂಡಿತು. ನಾಳೆಯಿಂದ ಆ ಕೋಣಿ ಸಿಗಡಿ ಮರಿ ಸಾಕೋರಿಗೆ ಬಿಟ್ಟುಕೊಡಬೇಕು, ರಮಾನೂ ಊರಿಗೆ ಹೊಂಟಾಳ, ನೋಡ್ಕೊಳ್ಳೋರು ಇಲ್ಲ, ಇವನ್ನ ಚೆಲ್ಲಬೇಕಾಗುತ್ತೆ ಅಂತ ಸಾವಕಾಶ ಹೇಳಿದ್ರು.

"ಚೆಲ್ಲಬ್ಯಾಡ್ರಿ, ನಾ ಒಯ್ತೀನಿ," ಅಂದೆ.

"ಎಲ್ಲಿಗೆ?" ಅಂದ್ರು.

"ಕೂಡ್ಲಿಗಿಗೆ."

ಅವರು ನನ್ನ ಮುಖ ನೋಡಿದ್ರು. ಕೂಡ್ಲಿಗಿಯಾಗ ಸಮುದ್ರ ಎಲ್ಲೈತಿ ಅಂತ ಕೇಳಬಹುದಿತ್ತು, ಕೇಳಲಿಲ್ಲ. ಸೀಸೆಗಳನ್ನ ಹೆಂಗ ಒಯ್ಯಬೇಕು ಅಂತ ಹೇಳಾಕ ಹತ್ತಿದ್ರು. ನಾನು, ಮೇಡಂ, ಹುಳದ ಮೊಟ್ಟಿ ತಣ್ಣಗ ಇಟ್ಕೊಂಡು ಬಸ್ಸಿನ್ಯಾಗ ಒಯ್ದು ರೂಢಿ ಐತ್ರಿ ನನಗ ಅಂದೆ.

ರಮಾ ಪ್ಯಾಟ್ಯಾಗಿಂದ ಮೀನು ತುಂಬೋ ಥರ್ಮಾಕೋಲ್ ಡಬ್ಬಿ ತಂದ್ಲು, ಬ್ಯಾರೆ ಸಿಗಲಿಲ್ಲಂತ. ಎರಡು ಸಲ ಸೋಪಿಲೆ ತೊಳೆದ್ರೂ ವಾಸನಿ ಹೋಗಲಿಲ್ಲ. ನಮ್ಮ ಮನಿತನದಾಗ ಮೀನಿನ ಡಬ್ಬಿ ತೊಡಿ ಮ್ಯಾಲೆ ಇಟ್ಕೊಂಡು ಬಂದವ ನಾನೇ ಮೊದಲು ಇರಬೇಕು. ಶಿರಸಿ ದಾಟಿ ಹಾವೇರಿ ತನಕ ನನ್ನ ಪಕ್ಕ ಯಾರೂ ಕೂಡಲಿಲ್ಲ. ಸಮುದ್ರದ ನೀರಿನ ಎರಡು ದೊಡ್ಡ ಕ್ಯಾನು ಬಸ್ಸಿನ ಮ್ಯಾಲೆ ಇದ್ವು. ತಾಸಿಗೊಮ್ಮಿ ಟವಲ್ ಹಸಿ ಮಾಡಿ ಡಬ್ಬಿ ಮ್ಯಾಲೆ ಹಾಕ್ಕೋಂತ ಬಂದೆ. ಕಂಡಕ್ಟರ್ ಒಳಗ ಏನೈತ್ರಿ ಅಂದ. ಮಗಳ ಸಾಮಾನು ಅಂದೆ.

ನಮ್ಮ ಚಾಕಿ ಮನಿ ಜನವರಿ ತನಕ ಖಾಲಿ. ಆಫೀಸಿನ ಭೀಮರಾಜ ಸಾಹೇಬ್ರಿಗೆ ಹೇಳಿದೆ. ವಯಸ್ಸಿನಾಗ ಸಣ್ಣವರು, ನನಗ ಮ್ಯಾಲಿನವರು, ಆದರೂ ಎದ್ದು ನಿಂತು ಕೀಲಿ ಕೊಟ್ರು. ಮೂರು ಮಣ್ಣಿನ ಬಾನಿ ತಂದು, ನೀರು ತುಂಬಿ ಸೀಸೆ ಇಳಿಸಿದೆ. ಒಂದಕ್ಕ ಹಸಿ ಗೋಣಿತಾಟು ಸುತ್ತಿ ಸುತ್ತಲೂ ಐಸ್ ಇಟ್ಟೆ, ಒಂದನ್ನ ಹಂಗೇ ಬಿಟ್ಟೆ, ಒಂದಕ್ಕ ಕೆಳಗ ಬಲ್ಬು ಕಟ್ಟಿದೆ. ಮ್ಯಾಲೆ ಟ್ಯೂಬ್‌ಲೈಟ್. ಹುಳಕ್ಕ ಗಂಟುರೋಗ ಬಂದೈತೇನು ಅಂತ ನೋಡೋ ನಮ್ಮ ಸೂಕ್ಷ್ಮದರ್ಶಕ ಐತಲ್ಲ, ಅದರಾಗ ಚುಕ್ಕಿ ನೋಡಿ ಅಳೀತೀನಿ. ಮುಂಜಾನಿ, ಮಧ್ಯಾಹ್ನ, ಸಂಜಿ ಮೂರು ಹೊತ್ತು ಬಿಸಿ ನೋಡಿ ಆಕಿ ವಹಿಯಾಗ ಬರೀತೀನಿ.

ಮೊದಲ ದಿನ ಕನಕಮ್ಮ ಬಾಗಲಾಗ ನಿಂತು, "ಸಾಹೇಬ್ರ, ಇದು ಗೀತಮ್ಮಾರ್ದೇನ್ರಿ?" ಅಂದ್ಲು. ಹೂಂ ಅಂದೆ. ಮರುದಿನ ನಾ ಬರೋದ್ರಾಗ ಗೋಣಿತಾಟು ಹಸಿ ಮಾಡಿ ಸುತ್ತಿ ಇಟ್ಟಿದ್ಲು.

ವಹಿ ಬಗ್ಗೆ ಹೇಳ್ತೀನಿ. ಅಕ್ಟೋಬರ್ ಇಪ್ಪತ್ತರಿಂದ ಶುರು ಮಾಡ್ಯಾಳ. ಅಕ್ಷರ ನಿನಗ ಗೊತ್ತು, ಮುತ್ತಿನಂಥಾವು. ನವೆಂಬರ್ ಒಂದರಿಂದ ಅವು ದೊಡ್ಡವಾಗ್ಕೋಂತ ಹೋಗ್ಯಾವ, ಸಾಲು ಬಿಟ್ಟು ಕೆಳಗ ಜಾರ್ಯಾವ. ಸ್ಟೂಲ್ ಮ್ಯಾಲೆ ಕುಂತು ಶಾಲು ಹೊದ್ಕೊಂಡು ಬರೀತಿದ್ಲು ಅಂತ ರಮಾ ಹೇಳಿದ್ಲು. ದವಾಖಾನಿಗೆ ನಡಿ ಅಂದ್ರ ನಾಳೆ, ನಾಡದು ಅಂತಿದ್ಲಂತ. ಹನ್ನೆರಡನೇ ತಾರೀಖಿನ ತನಕ ಒಂದು ಹೊತ್ತೂ ತಪ್ಪಿಸಿಲ್ಲ. ಹನ್ನೆರಡರ ಸಂಜಿ ಅಳತಿ ಬರೆಯೋ ಜಾಗ ಖಾಲಿ ಐತಿ. ಆವತ್ತೇ ಅಲ್ಲೇ ಕೆಳಗ ಬಿದ್ಲು.

ಹೋದ ಸೋಮವಾರ ಕರೆಂಟು ಹೋತು. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತಂತ, ಮಂಗಳವಾರ ಸಂಜಿ ಬಂತು. ಒಂದೂವರಿ ದಿನ ನಾನು, ಕನಕಮ್ಮ ಬಾನಿಗಳನ್ನ ಪಡಸಾಲಿಗೆ ಹೊತ್ವಿ. ಬಿಸಲು ನೇರ ಬೀಳದಂಗ ಬಿಳಿ ಪಂಚೆ ಕಟ್ಟಿದ್ವಿ, ಬಿಸಲು ಸರಿದಂಗ ಬಾನಿ ಸರಿಸಿದ್ವಿ. ಮೂವತ್ತು ಡಿಗ್ರಿ ಬಾನಿಗೆ ಬಿಸಿನೀರಿನ ಚೊಂಬು ಇಟ್ಟು ಇಟ್ಟು ತೆಗೆದೆ. ಆ ಎರಡು ದಿನ ಮಾತ್ರ ನನಗ ಕೈಕಾಲು ಇದ್ದದ್ದು ಗೊತ್ತಾತು.

ಇಷ್ಟಕ್ಕ ನಿಲ್ಲಸ್ತೀನಿ. ಇವತ್ತು ಐವತ್ತೈದನೇ ದಿನ. ಕಾಗದ ಮುಗಿಸಿಲ್ಲ, ಮುಗಿದ ಮ್ಯಾಲೆ ಹಾಕ್ತೀನಿ.

16-12-1998, ಬುಧವಾರ

ನಿನ್ನಿ ನಿಮ್ಮಣ್ಣ ಬಂದಿದ್ದ. ಬರೋದು ನಿನಗ ಗೊತ್ತಿತ್ತೋ ಇಲ್ಲೋ. ಆತ ಬಂದಾಗ ನಾ ಚಾಕಿ ಮನ್ಯಾಗ ಇದ್ದೆ. ಬಾಗಲಾಗ ನಿಂತು ಬಾನಿ, ಲೈಟು, ಸುತ್ತಿದ ಕಾಗದ ಎಲ್ಲಾ ನೋಡಿದ. ಚಪ್ಪಲಿ ಬಿಟ್ಟು ಒಳಗ ಬಂದು ಸ್ಟೂಲ್ ಮ್ಯಾಲೆ ಕುಂತ. ಚಹಾ ಬ್ಯಾಡ ಅಂದ.

ನೀ ಹಿತ್ತಲ ಬಾಗಲಾಗ ಕುಂತಿರ್ತಿ ಅಂದ. ಕರೆದ್ರ ಬರ್ತಿ, ಊಟಕ್ಕ ಕುಂತ್ರ ಎರಡು ತುತ್ತು ತಿಂತಿ, ಮತ್ತ ಹೋಗಿ ಅಲ್ಲೇ ಕೂಡ್ತಿ ಅಂದ. ಒಂದೇ ಮಾತು ಆಡ್ತಿ ಅಂದ. ದಸರಾಕ್ಕ ಗೀತಾ ಬಂದಾಗ ಅರಸೀಕೆರೆ ಹುಡುಗನ ಮನಿಯೋರು ನೋಡಾಕ ಬರ್ತೀವಿ ಅಂದಿದ್ರು. ಆಕಿ ಓದು ಮುಗೀಲಿ ಅಂದ್ಲು, ನಿನಗ ಸಿಟ್ಟು ಬಂತು, ಹಂಗಾದ್ರ ಈ ಮನಿಗೆ ಬರಬ್ಯಾಡ ಅಂದಿ. ಅಂದವಳೇ ಆಕಿ ಚೀಲಕ್ಕ ಚಕ್ಕಲಿ ತುಂಬಿದ್ದಿ, ಅದು ನಾ ನೋಡೀನಿ. ಆದರ ನಿನ್ನ ತಲಿಯಾಗ ಈಗ ಉಳದದ್ದು ಆ ಒಂದು ಮಾತು ಮಾತ್ರ. ಬರಬ್ಯಾಡ ಅಂದೆ, ಅದಕ್ಕ ಅಷ್ಟು ಜ್ವರ ಬಂದ್ರೂ ನಮಗೊಂದು ಅಕ್ಷರ ಬರೀಲಿಲ್ಲ, ಮನಿಗೆ ಬರ್ತೀನಿ ಅನ್ನಲಿಲ್ಲ, ನನ್ನ ಮ್ಯಾಲಿನ ಸಿಟ್ಟಿಗೆ ಸತ್ಲು ಅಂತಿಯಂತ. ನಾಲ್ಕೈದು ದಿನ ಮೊದಲು ಬಂದಿದ್ರ ಮಲೇರಿಯಾ ಮೆದುಳಿಗೆ ಏರ್ತಿರಲಿಲ್ಲ ಅಂತ ಡಾಕ್ಟ್ರು ಅಂದದ್ದನ್ನ ಮನಿಗೆ ಬಂದವರ ಮುಂದೆಲ್ಲ ಹೇಳ್ತಿಯಂತ.

ನಾ ಥರ್ಮಾಮೀಟರ್ ಓದಿ ವಹಿಯಾಗ ಬರೆದೆ. ಅದನ್ನ ನೋಡಿ ಆತಗ ತಡೀಲಿಲ್ಲ.

"ಅಲ್ರಿ ಭಾವಾರ, ಹೋದ ಮಗಳ ಪಾಚಿ ಸಾಕಾಕ ನಿಮಗ ವ್ಯಾಳ್ಯಾ ಐತಿ. ಇದ್ದ ಹೆಂಡ್ತಿನ್ನ ಕರ್ಕೊಂಡು ಬರಾಕ ಇಲ್ಲೇನು?"

"ಶುಕ್ರವಾರ ಅರವತ್ತು ದಿನ ಆಕ್ಕಾವ," ಅಂದೆ.

ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು. ಆದರ ಬಾಯಿಗೆ ಬಂದದ್ದು ಅದೇ. ಆತ ಎದ್ದ. ಊರಾಗ ಮಂದಿ ಬೆನಕಪ್ಪಗ ತಲಿ ಸರಿ ಇಲ್ಲ ಅಂತ ಆಡ್ತಾರ, ಅದು ನಿನ್ನ ಕಿವಿಗೂ ಬಿದ್ದೈತಿ ಅಂದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಚಪ್ಪಲಿ ಹಾಕ್ಕೋಳಾಕ ಹೋದಾಂವ ತಿರುಗಿ ಬಂದು ಒಮ್ಮಿ ತೋರಸ್ರಿ ಅಂದ. ಗಾಜಿನ ಪಟ್ಟಿ ಸೂಕ್ಷ್ಮದರ್ಶಕದ ಕೆಳಗ ಇಟ್ಟು ಸರಿ ಮಾಡಿ ಕೊಟ್ಟೆ. ಬಾಳ ಹೊತ್ತು ನೋಡಿದ. ಸಣ್ಣ ಸಣ್ಣ ಟಿಸಿಲು ಒಡೆದಾವಲ್ರಿ ಅಂದ. ಆಮ್ಯಾಲೆ ಕನ್ನಡಕ ಒರಸ್ಕೊಂಡ, ಅದನ್ನೂ ಬಾಳ ಹೊತ್ತು ಒರಸಿದ. ಆತ ಅತ್ತಿದ್ದು ನನಗ ಗೊತ್ತಾತು. ನನಗ ಏನೂ ಆಗಲಿಲ್ಲ. ಹಲ್ಲು ಕೀಳೋ ಮುಂದ ಡಾಕ್ಟ್ರು ಸೂಜಿ ಚುಚ್ಚಿದ್ರ ದವಡಿ ಇದ್ದೂ ಇಲ್ಲದಂಗ ಆಗ್ತೈತಲ್ಲ, ಹಂಗ ಐತಿ ನನಗ, ಮೈತುಂಬ.

ಬಸ್‌ಸ್ಟ್ಯಾಂಡಿನ ತನಕ ಹೋಗಿ ಆತನ್ನ ಕಳಿಸಿದೆ. ಕಿಟಕ್ಯಾಗಿಂದ, ಆಕಿಗೇನು ಹೇಳಲಿ ಅಂದ. ಕಾಗದ ಬರಿಯಾಕ ಹತ್ತೀನಿ ಅಂತ ಹೇಳು ಅಂದೆ.

20-12-1998, ಭಾನುವಾರ

ಶುಕ್ರವಾರ ಅರವತ್ತು ದಿನ ಆತು. ಭೀಮರಾಜ ಸಾಹೇಬ್ರು ರಜಾ ಹಾಕಿ ಬಂದು ಬರ್ಕೋಳಾಕ ಕುಂತ್ರು. ನಾ ಒಂದೊಂದೇ ಪಟ್ಟಿ ನೋಡಿ ಅಳತಿ ಹೇಳಿದೆ. ಕನಕಮ್ಮ ಸೀಸೆ ತಂದು ಕೊಡೋದು, ಒಯ್ದು ಇಡೋದು ಮಾಡಿದ್ಲು. ಮುಂಜಾನಿ ಕುಂತವರು ಎದ್ದಾಗ ಮೂರು ಗಂಟಿ.

ಹೆಂಗಾತು ಅಂತ ನಿನಗೂ ತಿಳೀಬೇಕು. ಮೂವತ್ತು ಡಿಗ್ರಿಯಾಗ ಪೂರಾ ಬೆಳಕಿಗೆ ಇಟ್ಟವು ಬಣ್ಣ ಬಿಟ್ಟು ಬೆಳ್ಳಗಾಗಿ ಸತ್ತಾವ, ನಾ ಬಂದ ವಾರದಾಗೇ ಹೋದ್ವು. ಅದೇ ನೀರಾಗ ಮೂರು ಪದರ ಕಾಗದದ ಒಳಗ ಇದ್ದವು ಬದುಕ್ಯಾವ, ಬೆಳೆದಿಲ್ಲ. ಬಿಸಿ ಇದ್ದಾಗ ಬೆಳಕು ಕಡಿಮಿ ಆದ್ರ ಜೀವ ಹಿಡ್ಕೋತಾವ ಅಂದಂಗಾತು. ಇಪ್ಪತ್ತು ಡಿಗ್ರಿಯಾಗ ಇದ್ದವು ಒಂದೂ ಸತ್ತಿಲ್ಲ, ಆದರ ಗಾಜಿಗೆ ಅಂಟಿದ ಚಪ್ಪಟಿ ಬಿಲ್ಲಿಯಂಗ ಕುಂತಾವ, ಎದ್ದಿಲ್ಲ. ಇಪ್ಪತ್ತೈದು ಡಿಗ್ರಿಯಾಗ ಒಂದು ಪದರ ಕಾಗದ ಸುತ್ತಿದ ಸೀಸೆ ಎಲ್ಲಾದಕ್ಕಿಂತ ಚಲೋ. ಚುಕ್ಕಿ ನಡುವಿಂದ ಟಿಸಿಲು ಎದ್ದಾವ, ಬಾಳ ಎತ್ತರದ್ದು ಮೂರು ಮಿಲಿಮೀಟರ್. ಎರಡು ಕವಲು ಒಡೆದಾವ. ಸೂಕ್ಷ್ಮದರ್ಶಕ ಇಲ್ಲದನೂ ಕಾಣ್ತಾವ. ಕನಕಮ್ಮ ಸೀಸೆ ಬೆಳಕಿಗೆ ಹಿಡಿದು ನೋಡಿ, ಕೆಂಪು ರಾಜಗಿರಿ ಮೊಳಕಿ ಇದ್ದಂಗದಾವ್ರಿ ಅಂದ್ಲು.

ವಹಿ ಮೊದಲ ಹಾಳೆ ಮ್ಯಾಲೆ ಗೀತಾ ತನ್ನ ಅಂದಾಜು ಬರೆದಿದ್ಲು. ಎಳೆದಾಗ ಮಂದ ಬೆಳಕೇ ಒಳ್ಳೇದು, ನೀರು ತಣ್ಣಗಿದ್ದಷ್ಟೂ ಒಳ್ಳೇದು ಅಂತ. ಬೆಳಕಿನ ಮಾತು ಸರಿ. ನೀರಿನ ಮಾತು ತಪ್ಪು. ಆಕಿ ಇದ್ದಿದ್ರ ತಪ್ಪಾಗಿದ್ದಕ್ಕ ಮೊದಲು ಖುಷಿ ಪಡ್ತಿದ್ಲು, ಅದು ಆಕಿ ಗುಣ.

ಎಲ್ಲಾ ಅಳತಿ ಮೇಡಂಗೆ ಫೋನಿನ್ಯಾಗ ಹೇಳಿದೆ. ಕರೆಂಟು ಹೋದದ್ದೂ ಹೇಳಿದೆ, ಮುಚ್ಚಿಡಲಿಲ್ಲ. ಅವರು ಎಲ್ಲಾ ಬರ್ಕೊಂಡು, ಆಮೇಲೆ ನಿಧಾನಕ್ಕೆ, "ಬೆನಕಪ್ಪನವರೇ, ಜಾಗ ಬದಲಾಗಿದೆ, ಬೆಳಕು ಬದಲಾಗಿದೆ. ನಲವತ್ತೆರಡು ದಿನದವರೆಗಿನದನ್ನ ಗೀತಾಂಜಲಿ ಹೆಸರಲ್ಲಿ ನಾನು ಅಚ್ಚಿಗೆ ಕೊಡ್ತೀನಿ. ಉಳಿದ ಹದಿನೆಂಟು ದಿನ ಲೆಕ್ಕಕ್ಕೆ ಬರಲ್ಲ," ಅಂದ್ರು. ಆತ್ರಿ ಅಂದೆ. ಅವರಿಗೆ ನನಗಿಂತ ಬ್ಯಾಸರ ಆದಂಗಿತ್ತು. ನಮ್ಮ ಕೆಲಸದಾಗೂ ಹಂಗೇ, ನಡುವ ಮನಿ ಬದಲಿಸಿದ ಹುಳದ ಲೆಕ್ಕ ಇಲಾಖೆಗೆ ಕೊಡಾಕ ಬರೋದಿಲ್ಲ. ನನಗ ಮೊದಲೇ ಗೊತ್ತಿತ್ತು.

ಗೊತ್ತಿದ್ದೂ ಯಾಕ ಮಾಡಿದಿ ಅಂತ ನೀ ಕೇಳಿದ್ರ ಅದಕ್ಕ ಕಾರಣ ಐತಿ, ಹೇಳ್ತೀನಿ. ಮೊದಲು ಇದನ್ನ ಮುಗಸ್ತೀನಿ.

ಕ್ಯಾನಿನ್ಯಾಗಿನ ನೀರು ಇನ್ನೊಂದು ವಾರಕ್ಕ ಸಾಲ್ತೈತಿ. ನಮ್ಮ ಕೆರಿ ನೀರಿಗೆ ಬಿಟ್ರ ಇವು ಒಂದು ದಿನ ಬದುಕೋದಿಲ್ಲ. ಗುರುವಾರ ಹೊಂಟು ಮತ್ತ ಕುಮಟಾಕ್ಕ ಒಯ್ದು ಬಂಡಿಗೆ ಪಟ್ಟಿ ಕಟ್ಟಿ ಬರ್ತೀನಿ. ಅಲೆಗೆ ಉಳಿತಾವೋ ಇಲ್ಲೋ ಗೊತ್ತಿಲ್ಲ, ಮೇಡಂ ಕೂಡ ಹೇಳಾಕ ಬರೋದಿಲ್ಲ ಅಂದ್ರು. ಗುರುವಾರ ಮುಂಜಾನಿ ಎಂಟಕ್ಕ ಕೊಟ್ಟೂರು ಬಸ್‌ಸ್ಟ್ಯಾಂಡಿನ್ಯಾಗ ಇರ್ತೀನಿ, ಅಲ್ಲಿಂದ ಹಾವೇರಿ ಬಸ್ಸು. ನೀನೂ ಬಂದ್ರ ಆಕಿ ಎರಡು ವರ್ಷ ಇದ್ದ ಜಾಗ ನೋಡ್ತಿ. ಬಾ ಅಂತ ನಾ ಹೇಳಾಕ ಬರೋದಿಲ್ಲ. ಈ ಕಾಗದ ಕಡೀ ತನಕ ಓದು, ಆಮ್ಯಾಲೆ ಬರೋದೋ ಬಿಡೋದೋ ನೀ ನೋಡು. ಬರದಿದ್ರ ನಾ ತಪ್ಪು ತಿಳಿಯೋದಿಲ್ಲ. ಮನಿಗೇ ಬರೋದಿಲ್ಲ ಅಂದ್ರೂ ತಿಳಿಯೋದಿಲ್ಲ.

ನಿಮ್ಮಣ್ಣಗ, ಅತ್ತಿಗಿಗೆ ನನ್ನ ಶರಣು ಹೇಳು. ನಿನಗ ಎರಡು ತುತ್ತಿಗೆ ಮೂರನೇ ತುತ್ತು ಸೇರಲಿ, ಮೈಗೆ ನಿದ್ದಿ ಹತ್ತಲಿ. ಸದ್ಯ ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನ ಕಡೆ ಇಲ್ಲ.

ನಿನ್ನ
ಬೆನಕಪ್ಪ

ತಾಜಾ ಕಲಂ:

ಇಲ್ಲೀತನಕ ಬರೆದದ್ದೆಲ್ಲಾ ಇದನ್ನ ಬರೆಯಾಕ ಬೇಕಾಗಿತ್ತು.

ಗೀತಾ ಕಾಗದ ಬರದಿದ್ಲು. ನವೆಂಬರ್ ಆರನೇ ತಾರೀಖು ನನ್ನ ಆಫೀಸಿನ ವಿಳಾಸಕ್ಕ ಬಂತು. ಎಂಟು ದಿನದಿಂದ ಜ್ವರ ಬಂದು ಬಿಟ್ಟು ಮಾಡ್ತೈತಿ, ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ, ಅಪ್ಪಾ, ಎಲ್ಲಾ ಬಿಟ್ಟು ಮನಿಗೆ ಬರಲೇನು ಅಂತ ಕೇಳಿದ್ಲು. ನಾ ಆವತ್ತೇ ಇನ್‌ಲ್ಯಾಂಡ್ ಬರೆದು ಡಬ್ಬಿಗೆ ಹಾಕಿದೆ. ಬರಬ್ಯಾಡ, ಅರವತ್ತು ದಿನ ಮುಗಿಸಿ ಬಾ ಅಂತ ಬರೆದೆ. ಚಾಕಿ ಹುಳ ನಡುವ ಬಿಟ್ಟು ಊರಿಗೆ ಹೋದವರು ಯಾರೂ ಬೆಳಿ ತೆಗೆದಿಲ್ಲ ಅಂತ ಬರೆದೆ. ನಮ್ಮ ಹುಳ ತೊಗಲು ಬಿಡೋ ಮುಂದ ಸೊಪ್ಪು ಬಿಟ್ಟು ತಲಿ ಎತ್ತಿ ಒಂದು ದಿನ ಸುಮ್ಮನ ಕೂಡ್ತಾವಲ್ಲ, ಅದಕ್ಕ ನಾವು ಜ್ವರಕ್ಕ ಕುಂತಾವ ಅಂತೀವಲ್ಲ, ಅದನ್ನೂ ಬರೆದೆ. ಹುಳಕ್ಕೂ ಜ್ವರ ಬರ್ತಾವ, ಎದ್ದು ಮತ್ತ ಸೊಪ್ಪು ತಿಂತಾವ, ಹೆದರಬ್ಯಾಡ ಅಂತ. ಬರೆದು ನಾನೇ ನಕ್ಕಿದ್ದೆ.

ನಿನಗ ಹೇಳಲಿಲ್ಲ. ಹೇಳಿದ್ರ ನೀ ಅದೇ ಬಸ್ಸಿಗೆ ಹೋಗಿ ಕರ್ಕೊಂಡು ಬರ್ತಿದ್ದಿ ಅಂತ ಗೊತ್ತಿತ್ತು. ಓದು ಕೆಡ್ತೈತಿ ಅಂತ ಹೇಳಲಿಲ್ಲ.

ಆಮ್ಯಾಲೂ ಹೇಳಲಿಲ್ಲ. ಹನ್ನೊಂದನೇ ದಿನ ನೀ ಎದಿ ಎದಿ ಬಡ್ಕೊಂಡು, ನನ್ನ ಮ್ಯಾಲಿನ ಸಿಟ್ಟಿಗೆ ಒಂದು ಅಕ್ಷರ ಬರೀಲಿಲ್ಲ ನನ್ನ ಮಗಳು ಅಂದಾಗ ನಾ ನಿನ್ನ ಪಕ್ಕದಾಗೇ ಕುಂತಿದ್ದೆ. ಆಕಿ ಕಾಗದ ನನ್ನ ಅಂಗಿ ಕಿಸೆಯಾಗಿತ್ತು.

ಕುಮಟಾಕ್ಕ ನಾ ಟ್ರಂಕು ತರಾಕ ಹೋದದ್ದಲ್ಲ. ನನ್ನ ಇನ್‌ಲ್ಯಾಂಡ್ ಆಕಿಗೆ ಮುಟ್ಟಿತ್ತೋ ಇಲ್ಲೋ ನೋಡಾಕ ಹೋದೆ. ಅಂಚಿಯಾಗ ತಡ ಆಗಿರಬಹುದು, ಒಡೀದ ಎಲ್ಲೋ ಬಿದ್ದಿರಬಹುದು ಅಂತ ಇತ್ತು. ಅದು ವಹಿಯೊಳಗ ಒಂಬತ್ತನೇ ತಾರೀಖಿನ ಹಾಳ್ಯಾಗ ಇತ್ತು. ಮೂರು ಕಡೆ ಬ್ಲೇಡಿಲೆ ನೀಟಾಗಿ ಕೊಯ್ದು ಒಡೆದಿದ್ಲು.

ನಿನ್ನ ಮ್ಯಾಲೆ ಆಕಿಗೆ ಸಿಟ್ಟಿರಲಿಲ್ಲ ಬಸಮ್ಮ. ಆಕಿ ಕಾಗದ ಇದರ ಜೊತಿ ಇಟ್ಟೀನಿ. ಕಡೀ ಎರಡು ಸಾಲು ನೋಡು. "ಅವ್ವಗ ಹೇಳು, ಅರಸೀಕೆರೆ ಮಾತಿಗೆ ನಂದೇನೂ ಸಿಟ್ಟಿಲ್ಲ. ಬಂದ ಮ್ಯಾಲೆ ಆಕಿ ಕೈಯ ನವಣಿ ಗಂಜಿ ಕುಡಿದು ಆಕಿ ಮಗ್ಗಲಾಗ ಮಲಗ್ತೀನಿ" ಅಂತ ಬರದಾಳ. ಆ ಎರಡು ಸಾಲು ನಿನ್ನವು. ನಲವತ್ತನಾಲ್ಕು ದಿನ ನಾ ಇಟ್ಕೊಂಡಿದ್ದೆ.